ಮುಖ ನೋಡಿ ಮಣೆ ಹಾಕುವ ಯಾಮಲ್

ಯಾಮಲ್ ಎಂಬ ಬರಹಕ್ರಮದ ಒಂದು ಕಾನ್ಫಿಗರೇಶನ್ ಫೈಲಿನಲ್ಲಿ ದೇಶಗಳ ಸಂಕೇತಗಳನ್ನು ಒಂದರ ಕೆಳಗೊಂದು ಬರೆದಿದೆ ಅಂದುಕೊಳ್ಳಿ. ಭಾರತಕ್ಕೆ ಐಎನ್, ಸ್ವೀಡನ್ನಿಗೆ ಎಸ್‌ಇ, ನಾರ್ವೆಗೆ ಎನ್‌ಓ. ಪ್ರೋಗ್ರಾಂ ಓದಿಕೊಂಡ ಮೇಲೆ ನೋಡಿದರೆ ಭಾರತ, ಸ್ವೀಡನ್ ಇದ್ದಲ್ಲೇ ಇವೆ. ನಾರ್ವೆ ಇರಬೇಕಾದ ಜಾಗದಲ್ಲಿ 'ಫಾಲ್ಸ್' ಕೂತಿದೆ. ಆ ಎರಡಕ್ಷರ ಇಂಗ್ಲಿಷಿನ 'ನೋ' ಕೂಡ ಹೌದಲ್ಲ, ಯಾಮಲ್ ಅದನ್ನು ಹಾಗೇ ತಿಳಿಯಿತು. ಇದಕ್ಕೆ 'ನಾರ್ವೆ ಸಮಸ್ಯೆ' ಎಂದೇ ಹೆಸರು ಬಿದ್ದಿದೆ. ಡೆವಲಪರುಗಳು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಯಾಕೆಂದರೆ ಇಲ್ಲಿ ಎಲ್ಲೂ ಎರರ್ ಬರುವುದಿಲ್ಲ.

2001ರಲ್ಲಿ ಹುಟ್ಟಿದ ಯಾಮಲ್ ಗೆದ್ದದ್ದು ಅದರ ರೂಪದಿಂದ. ಎಕ್ಸ್‌ಎಂಎಲ್‌ನ ಟ್ಯಾಗುಗಳನ್ನು ತೆರೆದು ಮುಚ್ಚಿ ಕೈಸೋತವರಿಗೆ ಇದು ದಿನಸಿ ಚೀಟಿಯಷ್ಟು ಸರಳವಾಗಿ ಕಂಡಿತು. ಆವರಣವಿಲ್ಲ, ಕೋಟ್ ಬೇಕಿಲ್ಲ, ಸ್ಪೇಸ್ ಸರಿಯಾಗಿ ಬಿಟ್ಟರೆ ಸಾಕು. ಕುಬರ್ನೆಟೀಸ್, ಆನ್ಸಿಬಲ್, ಡಾಕರ್ ಕಂಪೋಸ್ ಎಲ್ಲವೂ ಇದನ್ನೇ ಹಿಡಿದವು. ಆದರೆ ಕೋಟ್ ಬೇಡ ಎಂದ ಮೇಲೆ ಯಾವುದು ಪದ, ಯಾವುದು ಸಂಖ್ಯೆ ಎಂದು ಹೇಳುವವರು ಯಾರು? ಯಾಮಲ್ ಮುಖ ನೋಡಿ ಮಣೆ ಹಾಕುತ್ತದೆ.

ಮಣೆ ಹೇಗೆ ಹಾಕುತ್ತದೆಂದು ನಮ್ಮ ಎಸ್‌ಟಿಡಿ ಕೋಡುಗಳನ್ನೇ ಕೊಟ್ಟು ನೋಡಬಹುದು. ಯಾಮಲ್ 1.1ರ ನಿಯಮದಲ್ಲಿ ಸೊನ್ನೆಯಿಂದ ಶುರುವಾದದ್ದು ಆಕ್ಟಲ್, ಅಂದರೆ ಎಂಟೆಂಟರ ಲೆಕ್ಕದ ಸಂಖ್ಯೆ. ಹಾಗಾಗಿ ಮುಂಬೈಯ 022 ಎಂಬುದು 18 ಆಗುತ್ತದೆ, ದೆಹಲಿಯ 011 ಎಂಬುದು 9. ಬೆಂಗಳೂರಿನ 080 ಮಾತ್ರ ಬಚಾವ್: ಆಕ್ಟಲ್‌ನಲ್ಲಿ ಎಂಟು ಎಂಬ ಅಂಕಿಯೇ ಇಲ್ಲದ್ದರಿಂದ ಅದು ಪದವಾಗಿಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಕೂತು ಪರೀಕ್ಷಿಸಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ! 22:22 ಎಂದು ಎರಡು ಪೋರ್ಟುಗಳನ್ನು ಬರೆದರೆ ಅರವತ್ತರ ಲೆಕ್ಕ ಹಿಡಿದು 1342 ಎನ್ನುತ್ತದೆ. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಬಂದಾಗ, ಕೋಟ್ ಇಲ್ಲದೆ ಆ ಆವೃತ್ತಿಯನ್ನು ಬರೆದವರ ಫೈಲು 3.1 ಅನ್ನು ಕೇಳತೊಡಗಿತು.

2009ರ 1.2 ಆವೃತ್ತಿ ನಾರ್ವೆಯನ್ನು ಸರಿಮಾಡಿತು, ಮುಂಬೈಯ ಆಕ್ಟಲ್ ಲೆಕ್ಕವನ್ನೂ ಬಿಟ್ಟಿತು, ನಿಜ. ಆದರೆ ಪೈಥಾನಿನಲ್ಲಿ ಎಲ್ಲರ ಕೈಗೆ ಸಿಗುವ ಪೈಯಾಮಲ್ ಲೈಬ್ರರಿ ಇನ್ನೂ 1.1ರಲ್ಲೇ ಇದೆ. ಕಾಗದದ ಮೇಲಿನ ತಿದ್ದುಪಡಿ ಮನೆ ಬಾಗಿಲಿಗೆ ಬರಲೇ ಇಲ್ಲ.

ಇನ್ನೊಂದು ಬರಹಕ್ರಮವಾದ ಜೇಸನ್‌ಗೆ ಈ ಚಾಳಿಯಿಲ್ಲ. ಪದಕ್ಕೆ ಕೋಟ್ ಕಡ್ಡಾಯ. ಕೊನೆಯಲ್ಲೊಂದು ಅಲ್ಪವಿರಾಮ ಹೆಚ್ಚಾದರೂ ಕೂಗೆಬ್ಬಿಸುತ್ತದೆ. ಆ ಕೂಗಾಟವನ್ನು ದೂರುವವರ ಗುಂಪಿನಲ್ಲಿ ನಾನಿಲ್ಲ. ನನ್ನ ತಕರಾರು ಕಾಮೆಂಟಿನದು. ಜನ ಕಾಮೆಂಟಿನೊಳಗೆ ಪಾರ್ಸರಿಗೆ ಗುಟ್ಟಿನ ಸೂಚನೆ ಬರೆಯುತ್ತಿದ್ದರೆಂದು ಜೇಸನ್ ರೂಪಿಸಿದ ಡಗ್ಲಸ್ ಕ್ರಾಕ್‌ಫೋರ್ಡ್ ಅದನ್ನು ತೆಗೆದುಹಾಕಿದರು. ಯಂತ್ರಗಳ ನಡುವಿನ ಮಾತಿಗೆ ಅದು ಒಪ್ಪುತ್ತದೆ. ಆದರೆ ಕಾನ್ಫಿಗರೇಶನ್‌ನಲ್ಲಿ ಟೈಮೌಟ್ 37 ಸೆಕೆಂಡು ಯಾಕೆ ಎಂದು ಪಕ್ಕದಲ್ಲೇ ಬರೆದಿಡದಿದ್ದರೆ, ಮುಂದೆ ಬಂದವನು ಅದನ್ನು 30 ಮಾಡಿಯೇ ತೀರುತ್ತಾನೆ.

ಉಳಿದದ್ದು ಟಾಮಲ್. 2013ರಲ್ಲಿ ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಮಾಡಿದ್ದು. ರಸ್ಟ್‌ನ ಕಾರ್ಗೊ ಇದನ್ನೇ ಬಳಸುತ್ತದೆ; ಪೈಥಾನ್ 3.11ರಿಂದ ಇದನ್ನು ಓದಲು ಹೊರಗಿನ ಲೈಬ್ರರಿ ಬೇಕಿಲ್ಲ. ಕಾಮೆಂಟ್ ಇದೆ. ಕೋಟ್ ಇಲ್ಲದ ಎನ್‌ಓ ಬರೆದರೆ ಎರರ್, 022 ಬರೆದರೂ ಎರರ್. 3.10 ಇಲ್ಲಿಯೂ 3.1 ಆಗುತ್ತದೆಂಬುದನ್ನು ಒಪ್ಪಬೇಕು, ಆದರೆ ಪದಕ್ಕೆಲ್ಲ ಕೋಟ್ ಹಾಕಿ ಪಳಗಿದ ಕೈ ಅಲ್ಲಿ ಎಡವುವುದು ಕಡಿಮೆ. ಇದರ ಸೋಲು ಬೇರೆ ಕಡೆ. ಪಟ್ಟಿಯೊಳಗೆ ಪಟ್ಟಿ ಬಂದೊಡನೆ ಜೋಡಿ ಚೌಕಾವರಣಗಳು ಸಾಲುಗಟ್ಟಿ, ಯಾವುದು ಯಾರ ಮಗು ಎಂದು ಬೆರಳಿಟ್ಟು ಹುಡುಕಬೇಕಾಗುತ್ತದೆ. ಕುಬರ್ನೆಟೀಸ್‌ನ ನಾಲ್ಕೈದು ಪದರಗಳ ಫೈಲನ್ನು ಟಾಮಲ್‌ನಲ್ಲಿ ಬರೆ ಎಂದರೆ ನಾನು ಕೈಮುಗಿಯುತ್ತೇನೆ.

ಆದ್ದರಿಂದ ನನ್ನದೇ ಪ್ರೋಗ್ರಾಮುಗಳಿಗೆ ಟಾಮಲ್. ಬೇರೆಯವರ ಸಲಕರಣೆ ಯಾಮಲ್ಲನ್ನೇ ಕೇಳಿದಲ್ಲಿ ತಪ್ಪು ಹುಡುಕುವ ಯಾಮಲ್‌ಲಿಂಟ್ ಓಡಿಸಿ, ಪದಕ್ಕೆಲ್ಲ ಕೋಟ್ ಹಾಕುತ್ತೇನೆ. ನಾರ್ವೆಗೆ ಮಾತ್ರವಲ್ಲ, ಭಾರತಕ್ಕೂ.