ಮೂರು ದಿನ ಯಾರಿಗೆ?

ಒಂದೂಮುಕ್ಕಾಲು ಗಂಟೆಗಿಂತ ಸ್ವಲ್ಪ ಕಡಿಮೆಯ ಸಿನಿಮಾ. ನಾನು ನೋಡಿ ಮುಗಿಸೋಕೆ ಮೂರು ರಾತ್ರಿ ಬೇಕಾಯ್ತು. ಮೊದಲ ರಾತ್ರಿ, ಡಾಕ್ಟರು ಗಂಡ ಹೆಂಡತಿಯನ್ನ ಕೂರಿಸಿಕೊಂಡು ವಿಷಯ ಹೇಳುವ ಜಾಗಕ್ಕೆ ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋದೆ. ಬೆಳಗ್ಗೆಗೆ ಅಂತ ನೆನೆಹಾಕಿದ್ದ ಕಡಲೆಯನ್ನ ಸುಮ್ಮನೆ ಇನ್ನೊಂದು ಸಲ ತೊಳೆದೆ. ಎರಡನೇ ರಾತ್ರಿ ಇನ್ನೂ ಸ್ವಲ್ಪ ದೂರ ಹೋದೆ. ಮೂರನೇ ರಾತ್ರಿ ಮುಗಿಯಿತು. ಮುಗಿದ ಮೇಲೆ ಗಂಡನನ್ನ ಎಬ್ಬಿಸಿ "ನೀನೂ ನೋಡು" ಅಂದೆ. "ಬೇಡ ಕಣೆ" ಅಂದ. ಇವತ್ತಿಗೂ ನೋಡಿಲ್ಲ.

ಸಿನಿಮಾದ ಹೆಸರು '24 ವೋಖೆನ್', ಅಂದ್ರೆ 24 ವಾರ. ಜರ್ಮನಿಯದು. ಆನ್ನೆ ಜೋರಾ ಬೆರಾಶೆಡ್ ಅನ್ನೋ ನಿರ್ದೇಶಕಿ ಮಾಡಿದ್ದು, 2016ರ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಆಸ್ಟ್ರಿಡ್ ಹೆಸರುವಾಸಿ ಕಾಮಿಡಿ ಕಲಾವಿದೆ. ಸ್ಟೇಜ್ ಮೇಲೆ ನಿಂತು ತನ್ನ ಬಸಿರನ್ನೇ ಜೋಕ್ ಮಾಡಿ ಜನರನ್ನ ನಗಿಸುವವಳು. ಗಂಡ ಮಾರ್ಕುಸ್ ಅವಳ ಮ್ಯಾನೇಜರ್ ಕೂಡ. ಒಬ್ಬಳು ಮಗಳಿದ್ದಾಳೆ. ಹೊಟ್ಟೆಯಲ್ಲಿರೋ ಎರಡನೇ ಮಗುವಿಗೆ ಡೌನ್ ಸಿಂಡ್ರೋಮ್ ಅಂತ ಗೊತ್ತಾಗುತ್ತೆ. ಇಬ್ಬರೂ ಹೆದರ್ತಾರೆ, ಮಾತಾಡ್ತಾರೆ, ಕೊನೆಗೆ ಬರಲಿ ಅಂತ ನಿರ್ಧಾರ ಮಾಡ್ತಾರೆ. ಆಮೇಲೆ ಎರಡನೇ ಸುದ್ದಿ: ಹೃದಯದಲ್ಲಿ ದೊಡ್ಡ ದೋಷ, ಹುಟ್ಟಿದ ಮೇಲೆ ಆಪರೇಷನ್ ಆಗಲೇಬೇಕು. ಅಲ್ಲಿಂದ ಇಬ್ಬರ ದಾರಿ ಬೇರೆಯಾಗುತ್ತೆ. ಮಗು ಬೇಕು ಅನ್ನೋನು ಅವನು. ಬೇಡ ಅನ್ನೋ ಕಡೆಗೆ ನಿಧಾನವಾಗಿ, ತನ್ನ ಇಷ್ಟಕ್ಕೇ ವಿರುದ್ಧವಾಗಿ ಅನ್ನೋ ಹಾಗೆ, ನಡೆದು ಹೋಗೋಳು ಅವಳು. ಕಥೆಯೆಲ್ಲ ಹೇಳಿಬಿಟ್ಟಳು ಅಂತ ಬೈಬೇಡಿ, ಸಸ್ಪೆನ್ಸಿಗೋಸ್ಕರ ನೋಡೋ ಸಿನಿಮಾ ಅಲ್ಲ ಇದು.

ನಮ್ಮ ಸಿನಿಮಾಗಳಲ್ಲಿ ಸ್ಕ್ಯಾನಿಂಗ್ ರೂಮು ಅಂದ್ರೆ ಹೃದಯ ಬಡಿತ ಕೇಳಿಸಿ ಹೀರೋ ಕಣ್ಣಲ್ಲಿ ನೀರು ಬರೋ ಜಾಗ. 2021ರಲ್ಲಿ ಮಲಯಾಳಂನ 'ಸಾರಾಸ್' ಬಂತು, ಮಗುವೇ ಬೇಡ ಅನ್ನೋ ಹೆಣ್ಣಿನ ಪರ ನಿಂತಿತು, ಒಳ್ಳೆಯದೇ ಆಯ್ತು. ಆದರೆ ಮಗು ಬೇಕು ಅಂತಲೇ ಕಾದವಳು, ಹೆಸರು ಕೂಡ ಹುಡುಕಿಟ್ಟವಳು, ಈ ಮಗುವನ್ನ ಏನು ಮಾಡಲಿ ಅಂತ ಕೂರಬೇಕಾಗಿ ಬಂದರೆ? ಅವಳ ಸಿನಿಮಾವನ್ನ ನಾನು ನಮ್ಮ ಕಡೆ ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಜರ್ಮನಿಗೆ ಹೋದದ್ದು.

ಮೊದಲು ಸಿನಿಮಾದ ದೊಡ್ಡ ಗುಣ ಹೇಳ್ತೀನಿ. ಇದರಲ್ಲಿ ಡಾಕ್ಟರ ಪಾತ್ರ ಮಾಡಿರೋರು ನಿಜವಾದ ಡಾಕ್ಟರುಗಳೇ. ಅವರು ನಟಿಸಲ್ಲ, ದಿನಾ ಹೇಳುವ ಹಾಗೆ ಹೇಳ್ತಾರೆ. 24 ವಾರದ ಆಸುಪಾಸಿನಲ್ಲಿ ಮಗು ಹೊರಗೆ ಬಂದರೂ ಬದುಕಬಹುದು. ಹಾಗಾಗಿ ಅಷ್ಟು ತಡವಾದ ಗರ್ಭಪಾತದಲ್ಲಿ ಮೊದಲು ಹೊಟ್ಟೆಯೊಳಗಿನ ಮಗುವಿನ ಹೃದಯಕ್ಕೆ ಇಂಜೆಕ್ಷನ್, ಆಮೇಲೆ ಹೆರಿಗೆ. ಇದನ್ನ ಡಾಕ್ಟರು ಎದುರು ಕೂತು ವಿವರಿಸುವ ಸೀನಿನಲ್ಲಿ ಹಿನ್ನೆಲೆ ಸಂಗೀತ ಬಂದು ನಮ್ಮ ಕೈ ಹಿಡಿಯಲ್ಲ. ದನಿಯಲ್ಲಿ ಅವಸರ ಇಲ್ಲ, ಕನಿಕರದ ಪ್ರದರ್ಶನ ಇಲ್ಲ, ಬೈಗುಳವೂ ಇಲ್ಲ. ಯೂಲಿಯಾ ಯೆಂಚ್ ಅದನ್ನ ಕೇಳಿಸಿಕೊಳ್ಳುವ ಮುಖ ಇದೆಯಲ್ಲ, ಅದೊಂದಕ್ಕೇ ಈ ಸಿನಿಮಾ ನೋಡಬಹುದು. ಎಲ್ಲ ಅರ್ಥ ಆಗ್ತಿದೆ, ಏನೂ ಒಳಗೆ ಹೋಗ್ತಿಲ್ಲ ಅನ್ನೋ ಮುಖ. ನನಗೆ ಗೊತ್ತು ಆ ಮುಖ. ಕನ್ನಡಿಯಲ್ಲಿ ನೋಡಿದೀನಿ.

2019ರ ಆಗಸ್ಟ್. ನನಗೆ 19 ವಾರ 2 ದಿನ. ಅನಾಮಲಿ ಸ್ಕ್ಯಾನ್ ಅಂತ ಮಾಡ್ತಾರಲ್ಲ, ಅದು. ಸ್ಕ್ಯಾನಿಂಗ್ ಡಾಕ್ಟರು ಮಾತುಗಾರ್ತಿ. ಇದು ಬೆನ್ನುಮೂಳೆ, ಇದು ಪಾದ, ನೋಡಿ ಹೆಬ್ಬೆಟ್ಟು ಬಾಯಲ್ಲಿಟ್ಟಿದೆ ಅಂತ ತೋರಿಸ್ತಾ ಇದ್ದರು. ಆಮೇಲೆ ಮಾತು ನಿಂತಿತು. ಹೊಟ್ಟೆ ಮೇಲೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದರು. ಎಡಕ್ಕೆ ತಿರುಗಿ ಅಂದರು, ಎದ್ದು ಸ್ವಲ್ಪ ಓಡಾಡಿ ಬನ್ನಿ ಅಂದರು. ಎದುರು ಗೋಡೆಯಲ್ಲಿ ಬೋರ್ಡು: ಇಲ್ಲಿ ಗಂಡೋ ಹೆಣ್ಣೋ ಅಂತ ಹೇಳುವುದಿಲ್ಲ, ಅದು ಅಪರಾಧ. ನಾನು ಆ ಬೋರ್ಡನ್ನ ಎಷ್ಟು ಸಲ ಓದಿದೆನೋ.

ಮಾರನೇ ದಿನ ಮಗುವಿನ ಹೃದಯಕ್ಕೇ ಬೇರೆ ಸ್ಕ್ಯಾನ್ ಆಯ್ತು. ಎಡಭಾಗ ಬೆಳೆದೇ ಇಲ್ಲ ಅಂದರು. ಹುಟ್ಟಿದ ಕೆಲವೇ ದಿನದಲ್ಲಿ ಒಂದು ಆಪರೇಷನ್, ಕೆಲವು ತಿಂಗಳಿಗೆ ಇನ್ನೊಂದು, ಎರಡು ಮೂರು ವರ್ಷಕ್ಕೆ ಮೂರನೆಯದು. ಅಷ್ಟು ಮಾಡಿದರೂ ಅದು ಸರಿಯಾದ ಹೃದಯ ಆಗಲ್ಲ, ಅರ್ಧ ಹೃದಯದಲ್ಲೇ ಬದುಕೋ ಏರ್ಪಾಡು ಆಗುತ್ತೆ. ಆಗಿನ ಕಾನೂನಿನಲ್ಲಿ ಗರ್ಭಪಾತಕ್ಕೆ ಗಡುವು 20 ವಾರ. ಇಬ್ಬರು ಡಾಕ್ಟರ ಅಭಿಪ್ರಾಯ ಬೇಕು. ಮೊದಲ ಸ್ಕ್ಯಾನಿನಿಂದ ಲೆಕ್ಕ ಹಾಕಿದರೆ ನಮಗಿದ್ದದ್ದು ಐದು ದಿನ. ಅದರೊಳಗೆ ವರಮಹಾಲಕ್ಷ್ಮಿ ಹಬ್ಬ, ಒಂದು ಭಾನುವಾರ.

ಅತ್ತೆ ತುಮಕೂರಿಂದ ಫೋನ್ ಮಾಡಿ, "ಡಾಕ್ಟ್ರೇ ಹೇಳಿದ್ಮೇಲೆ ಇನ್ನೇನಮ್ಮ ಯೋಚನೆ, ನಿಮಗೇನು ವಯಸ್ಸಾಗಿದ್ಯಾ" ಅಂದರು. ನಮ್ಮಮ್ಮ, "ಸ್ಕ್ಯಾನ್ ಎಷ್ಟೋ ಸಲ ತಪ್ಪಾಗುತ್ತೆ ಕಣೆ, ದೇವರ ಮೇಲೆ ಭಾರ ಹಾಕು" ಅಂತ ಕಳಶದ ಮುಂದೆ ಕೂತರು. ಗಂಡ ಗೂಗಲ್ ಮಾಡ್ತಾ ಇದ್ದ, ಇಡೀ ರಾತ್ರಿ. ಎಲ್ಲರೂ ನನಗೆ ಒಳ್ಳೇದಾಗಲಿ ಅಂತಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ನಿನಗೇನನ್ಸುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಗೊತ್ತಿಲ್ಲ ಅಂತಿದ್ದೆನೇನೋ. ಕಾನೂನಿನ ಪ್ರಕಾರ ನನ್ನ ಒಪ್ಪಿಗೆಯೊಂದೇ ಸಾಕು. ಆಸ್ಪತ್ರೆಯವರು ಗಂಡನ ಸಹಿಯನ್ನೂ ಕೇಳಿದರು, ಅವನೂ ಹಾಕಿದ. ನಾವಿಬ್ಬರೂ ಏನೂ ಅನ್ನಲಿಲ್ಲ.

ಅದಕ್ಕೇ ಆಸ್ಟ್ರಿಡ್‌ಗೆ ಇರೋ ಸಮಯ ನೋಡಿ ನನಗೆ ಹೊಟ್ಟೆಕಿಚ್ಚಾಯ್ತು. ಸಿನಿಮಾ ಮುಗಿದ ಮೇಲೆ ಅಲ್ಲಿಯ ಕಾನೂನನ್ನ ಹುಡುಕಿ ಓದಿದೆ. ಅಲ್ಲಿ ಇಂಥ ಸಂದರ್ಭಕ್ಕೆ ವಾರದ ಗಡುವು ಇಲ್ಲ. ಆದರೆ ಮಗುವಿಗೆ ದೋಷ ಇದೆ ಅನ್ನೋದೇ ಕಾರಣ ಆಗೋ ಹಾಗಿಲ್ಲ. ಆ ಕಾರಣವನ್ನ 1995ರಲ್ಲಿ ಕಾನೂನಿನಿಂದ ತೆಗೆದುಹಾಕಿದರು. ನಾಜಿಗಳ ಕಾಲದಲ್ಲಿ ಅಂಗವಿಕಲರನ್ನ ಸರ್ಕಾರವೇ ಕೊಂದ ದೇಶ ಅದು. ಅಂಥ ಮಗು ಬೇಡ ಅಂತ ಸರ್ಕಾರಿ ಕಾಗದದಲ್ಲಿ ಬರೆಯೋಕೆ ಅವರಿಗೆ ಕೈ ಬರಲ್ಲ, ಬರಲೂಬಾರದು. ಹಾಗಾಗಿ ಡಾಕ್ಟರು ಬರೆಯೋದು ತಾಯಿಯ ಬಗ್ಗೆ: ಬಸಿರು ಮುಂದುವರಿದರೆ ಇವಳ ದೇಹಕ್ಕೋ ಮನಸ್ಸಿಗೋ ದೊಡ್ಡ ಅಪಾಯ ಅಂತ. 2010ರಿಂದ ಇನ್ನೊಂದು ನಿಯಮ ಸೇರಿದೆ. ತಾಯಿಯ ಜೀವಕ್ಕೇ ತಕ್ಷಣದ ಅಪಾಯ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ಸುದ್ದಿ ಹೇಳಿದ ಮೇಲೆ ಕನಿಷ್ಠ ಮೂರು ದಿನ ಆಗದೆ ಡಾಕ್ಟರು ಆ ಕಾಗದ ಬರೆಯೋ ಹಾಗಿಲ್ಲ. ಆ ಮೂರು ದಿನ ಅವಳಿಗೆ. ಯೋಚನೆ ಮಾಡೋಕೆ, ಯಾರ ಹತ್ರನಾದರೂ ಮಾತಾಡೋಕೆ, ಅಳೋಕೆ.

ನಮ್ಮ ಕಾನೂನೂ 2021ರಲ್ಲಿ ಬದಲಾಯ್ತು. ಅದರ ಹಿಂದೆ ಮುಂಬೈನ ಒಂದು ಕೇಸಿದೆ. 2008ರಲ್ಲಿ ಅಲ್ಲಿಯ ದಂಪತಿ ಮತ್ತು ಅವರ ಡಾಕ್ಟರು ನಿಖಿಲ್ ದಾತಾರ್ ಹೈಕೋರ್ಟಿಗೆ ಹೋಗಿದ್ದರು. ಮಗುವಿನ ಹೃದಯದ ತೊಂದರೆ ಗೊತ್ತಾಗೋ ಹೊತ್ತಿಗೆ 20 ವಾರ ದಾಟಿತ್ತು. ಕೋರ್ಟು ಒಪ್ಪಲಿಲ್ಲ. ಕೆಲವೇ ದಿನಕ್ಕೆ ಮಗು ತಾನಾಗೇ ಹೋಯಿತು. ಆ ಕೇಸಾಗಿ 13 ವರ್ಷಕ್ಕೆ ಕಾನೂನು ತಿದ್ದಿದರು. ಈಗ ಇಂಥ ಕಾರಣಕ್ಕೆ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯ ಸಾಕು, ಅದನ್ನೂ ದಾಟಿದರೆ ಮೆಡಿಕಲ್ ಬೋರ್ಡು ನೋಡುತ್ತೆ. ನನಗಾದದ್ದೇ ಇವತ್ತು ಯಾರಿಗಾದರೂ ಆದರೆ ಐದು ದಿನದ ಓಟ ಇರಲ್ಲ, ಅಷ್ಟು ಪುಣ್ಯ. ಆದರೆ ಇಲ್ಲೂ ಒಂದು ಮೂರು ದಿನ ಇದೆ, ಗಮನಿಸಿ. ಅರ್ಜಿ ಬಂದ ಮೂರು ದಿನದೊಳಗೆ ಬೋರ್ಡು ತೀರ್ಮಾನ ಹೇಳಬೇಕು. ನಮ್ಮಲ್ಲಿ ಮೂರು ದಿನ ಬೋರ್ಡಿಗೆ.

ಹಾಗಂತ ಜರ್ಮನಿಯದೇ ಸರಿ ಅಂತ ಹೇಳೋಕೆ ನಾನು ಬಂದಿಲ್ಲ. ಈ ಸಿನಿಮಾನೇ ಹಾಗೆ ಹೇಳಲ್ಲ. ಕಾನೂನು ಎಲ್ಲ ಭಾರವನ್ನ ಅವಳ ಮನಸ್ಸಿನ ಮೇಲೆ ಹಾಕಿದ ಮೇಲೆ ಆಸ್ಟ್ರಿಡ್ ಎಷ್ಟು ಒಂಟಿಯಾಗ್ತಾಳೆ ಅನ್ನೋದೇ ಸಿನಿಮಾದ ಎರಡನೇ ಅರ್ಧ. ಮಾರ್ಕುಸ್ ಕೆಟ್ಟವನಲ್ಲ. ತನ್ನ ಮಗುವಿನ ವಿಷಯದಲ್ಲಿ ತನಗೆ ಕೊನೆಯ ಮಾತಿಲ್ಲ ಅಂತ ಅರ್ಥವಾಗಿ ಸಿಟ್ಟಾಗಿರೋ ಅಪ್ಪ. ಬ್ಯಾರ್ನೆ ಮೇಡೆಲ್ ಆ ಸಿಟ್ಟನ್ನ ಎಲ್ಲೂ ವಿಲನ್‌ಗಿರಿಗೆ ಇಳಿಸದೆ ಮಾಡಿದ್ದಾನೆ. ನನ್ನ ಮನೆಯಲ್ಲಿ ಎಲ್ಲರೂ ಸೇರಿ ನಿರ್ಧಾರ ಮಾಡಿದರು, ಹಾಗಾಗಿ ಯಾರೂ ಮಾಡಲಿಲ್ಲ. ಆಸ್ಟ್ರಿಡ್ ಮನೆಯಲ್ಲಿ ಅವಳೊಬ್ಬಳೇ ಮಾಡಿದಳು. ನನಗೆ ಅವಳ ಸಮಯ ಬೇಕಿತ್ತು, ಅವಳ ಒಂಟಿತನ ಬೇಡ. ಎರಡೂ ಒಟ್ಟಿಗೇ ಬರುತ್ತೇನೋ, ಆ ಪ್ಯಾಕೇಜು ಬಿಡಿಸಿ ಕೊಡಲ್ಲವೇನೋ.

ಇನ್ನು ನನ್ನ ತಕರಾರು. ಡೌನ್ ಸಿಂಡ್ರೋಮ್ ಒಂದೇ ಇದ್ದಾಗ ಇಬ್ಬರೂ ಮಗು ಬರಲಿ ಅಂತಾರೆ, ನಮಗೂ ಅವರ ಮೇಲೆ ಗೌರವ ಬರುತ್ತೆ. ತಕ್ಕಡಿ ವಾಲೋದು ಹೃದಯದ ಸುದ್ದಿ ಬಂದ ಮೇಲೆ. ಇಲ್ಲಿ ಸಿನಿಮಾ ಸ್ವಲ್ಪ ಜಾರಿಕೊಳ್ತು ಅನ್ಸುತ್ತೆ ನನಗೆ. ಕಷ್ಟದ ಪ್ರಶ್ನೆ ಹೃದಯದ್ದಲ್ಲ, ಹೃದಯ ಚೆನ್ನಾಗಿರೋ ಡೌನ್ ಸಿಂಡ್ರೋಮ್ ಮಗುವಿನದು. ಡಬಲ್ ಮಾರ್ಕರ್ ಟೆಸ್ಟಿಗೆ ರಕ್ತ ಕೊಡುವಾಗ ನಾವೆಲ್ಲ ಆ ಪ್ರಶ್ನೆಗೇ ಕೈ ಚಾಚಿರ್ತೀವಿ, ರಿಪೋರ್ಟಿನಲ್ಲಿ 'ಲೋ ರಿಸ್ಕ್' ಅಂತ ಬಂದರೆ ವಾಟ್ಸಾಪಿನಲ್ಲಿ ಅಮ್ಮನಿಗೆ ಹೂವಿನ ಇಮೋಜಿ ಕಳಿಸ್ತೀವಿ. ನಾನೂ ಕಳಿಸಿದ್ದೆ. 'ಹೈ ರಿಸ್ಕ್' ಬಂದಿದ್ದರೆ ಏನು ಮಾಡ್ತಿದ್ದೆ ಅಂತ ಇವತ್ತಿಗೂ ಧೈರ್ಯವಾಗಿ ಹೇಳಲಾರೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ದಿನಾ ಸಂಜೆ ಅಪ್ಪನ ಜತೆ ಶಟಲ್ ಆಡೋ ಡೌನ್ ಸಿಂಡ್ರೋಮ್ ಹುಡುಗ ಒಬ್ಬನಿದ್ದಾನೆ, ಸೋತರೆ ರ‍್ಯಾಕೆಟ್ ಎಸೀತಾನೆ. ಅವನನ್ನ ನೋಡಿದಾಗ ಆ ಇಮೋಜಿ ನೆನಪಾಗುತ್ತೆ. ಆ ಪ್ರಶ್ನೆಯ ಬಾಗಿಲು ತೆರೆದು, ಒಳಗೆ ಹೋಗದೆ ಪಕ್ಕದ ಬಾಗಿಲಿಗೆ ಹೋಯ್ತು ಈ ಸಿನಿಮಾ.

ಇನ್ನೊಂದು, ದುಡ್ಡು. ಆಸ್ಟ್ರಿಡ್ ಮನೆಯಲ್ಲಿ ಒಬ್ಬರೂ ಆಪರೇಷನ್ ಖರ್ಚು ಕೇಳಲ್ಲ. ನಾವು ಕೇಳಿದ ಎರಡನೇ ಪ್ರಶ್ನೆಯೇ ಅದು. ಇನ್ಶೂರೆನ್ಸಿನ ಸಣ್ಣ ಅಕ್ಷರಗಳನ್ನ ಆ ರಾತ್ರಿ ಓದಿದ ಹಾಗೆ ಯಾವತ್ತೂ ಓದಿಲ್ಲ. ಮಗುವಿನ ಜೀವದ ಲೆಕ್ಕದಲ್ಲಿ ಲಕ್ಷಗಳ ಲೆಕ್ಕವೂ ಸೇರಿತ್ತು ಅಂತ ಒಪ್ಪಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೆ ಸೇರಿತ್ತು.

ಸಿನಿಮಾದಲ್ಲಿ ಕೆಲವು ಕಡೆ ಆಸ್ಟ್ರಿಡ್ ಕ್ಯಾಮೆರಾವನ್ನೇ ನೇರವಾಗಿ ನೋಡ್ತಾಳೆ. ಮೊದಲು ಇದೇನು ಗಿಮಿಕ್ಕು ಅನ್ನಿಸಿತು. ಎರಡನೇ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿದ್ದು ಅಂಥದೇ ಒಂದು ನೋಟ ಎದುರಿಸೋಕಾಗದೆ. ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಅವಳು ರೇಡಿಯೋದಲ್ಲಿ ನಾನು ಗರ್ಭಪಾತ ಮಾಡಿಸಿಕೊಂಡೆ ಅಂತ ಬಾಯಿಬಿಟ್ಟು ಹೇಳ್ತಾಳೆ. ಸರಿ ಮಾಡಿದೆ ಅಂತಲೂ ಅನ್ನಲ್ಲ, ತಪ್ಪು ಮಾಡಿದೆ ಅಂತಲೂ ಅನ್ನಲ್ಲ. ವಿಮರ್ಶೆ ದೃಷ್ಟಿಯಿಂದ ನೋಡಿದರೆ ಇದು ಇಡೀ ಸಿನಿಮಾದ ದುರ್ಬಲ ಸೀನು. ಅಲ್ಲಿವರೆಗೆ ಮೌನದಲ್ಲಿ ಚೆನ್ನಾಗಿ ಕೆಲಸ ಮಾಡಿದ ಸಿನಿಮಾ ಇಲ್ಲಿ ಮೈಕ್ ಹಿಡಿಯುತ್ತೆ. ಹೆಸರಿರೋರಿಗೆ ಮೈಕ್ ಸಿಗುತ್ತೆ, ಉಳಿದವರು ಎಲ್ಲಿ ಹೇಳಬೇಕು ಅಂತ ಸಿಟ್ಟೂ ಬಂತು.

ಆದರೂ ನನ್ನನ್ನ ಬಿಡದೆ ಹಿಡಿದಿರೋದು ಅದೇ ಸೀನು. ಕನ್ನಡದಲ್ಲಿ, ಅಂದ್ರೆ ನಮ್ಮ ಮನೆಗಳ ಕನ್ನಡದಲ್ಲಿ, ಮಗು ತಾನಾಗೇ ಹೋದರೂ ಅಬಾರ್ಷನ್ 'ಆಯ್ತು' ಅಂತೀವಿ. ತೆಗೆಸಿಕೊಂಡರೂ ಅಬಾರ್ಷನ್ 'ಆಯ್ತು' ಅಂತೀವಿ. ನನಗೆ ಆ 'ಆಯ್ತು' ತುಂಬಾ ಅನುಕೂಲವಾಯ್ತು. ಮೂರನೇ ಮನೆ ಆಂಟಿಗೆ, ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಮ್ಮಂದಿರಿಗೆ, ಕಾಲೇಜಿನ ಗೆಳತಿಯರಿಗೆ, ಎಲ್ಲರಿಗೂ ಅದನ್ನೇ ಹೇಳಿದೆ. ಸುಳ್ಳಲ್ಲ, ನಿಜವೂ ಅಲ್ಲ. ಅವರು ಅಯ್ಯೋ ಅಂದರು, ಪಪ್ಪಾಯಿ ಗಿಪ್ಪಾಯಿ ತಿಂದ್ಯಾ ಅಂತ ಕೇಳಿದರು. ಇಲ್ಲ ಅಂತ ಹೇಳಿ ಊಟಕ್ಕೆ ಕೂತೆ. ಮಾಡಿಸಿಕೊಂಡೆ ಅನ್ನೋ ಕ್ರಿಯಾಪದವನ್ನ ಇವತ್ತು ಇಲ್ಲಿ ಬರೆಯೋವರೆಗೆ ಎಲ್ಲೂ ಬಳಸಿರಲಿಲ್ಲ.

ಆಫೀಸಿನಲ್ಲಂತೂ 'ಆಯ್ತು' ಕೂಡ ಹೇಳಲಿಲ್ಲ. ಐದು ತಿಂಗಳು ತುಂಬಲಿ ಅಂತ ಅಲ್ಲಿ ಯಾರಿಗೂ ಬಸಿರಿನ ವಿಷಯವೇ ತಿಳಿಸಿರಲಿಲ್ಲ, ದೊಗಲೆ ಕುರ್ತಾದಲ್ಲಿ ನಡೀತಿತ್ತು. ಆಗಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದಕ್ಕೂ ಆರು ವಾರ ಸಂಬಳ ಸಹಿತ ರಜೆ ಇತ್ತು, ತಾನಾಗೇ ಹೋದರೂ, ತೆಗೆಸಿದರೂ. ನನಗೆ ಅದು ಆಗಲೇ ಗೊತ್ತಿತ್ತು. ಆದರೆ ಎಚ್‌ಆರ್‌ಗೆ ಸರ್ಟಿಫಿಕೇಟ್ ಕೊಡಬೇಕಲ್ಲ, ಅದರಲ್ಲಿ ಆ ಶಬ್ದ ಇರುತ್ತಲ್ಲ. ಡೆಂಗ್ಯೂ ಅಂತ ಹೇಳಿ ಹತ್ತು ದಿನ ಸಿಕ್ ಲೀವ್ ಹಾಕಿದೆ. ಮಳೆಗಾಲ, ಯಾರಿಗೂ ಅನುಮಾನ ಬರಲಿಲ್ಲ. ವಾಪಸ್ ಹೋದ ದಿನ ಕ್ಯಾಂಟೀನಿನಲ್ಲಿ ಟೀಮಿನ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತು, "ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿತ್ತು?" ಅಂದ.

"ನಲವತ್ತು ಸಾವಿರ" ಅಂದೆ.