ಸೊಪ್ಪಿನಬೆಟ್ಟಕ್ಕೆ ಏಪ್ರಿಲ್‌ನ ಪರೀಕ್ಷೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಅಡಿಕೆ ತೋಟಗಳೆಲ್ಲ ಕಣಿವೆಯ ತಳದಲ್ಲಿವೆ. ತೋಟ ನೋಡಲು ಬಂದವರು ಮರ ಎಣಿಸುತ್ತಾರೆ, ಕ್ವಿಂಟಲ್ ಕೇಳುತ್ತಾರೆ, ನೀರು ಬಸಿಯುವ ಕಾದಿಗೆ ಸರಿಯಿದೆಯೇ ಎಂದು ಬಗ್ಗಿ ನೋಡುತ್ತಾರೆ. ತಲೆಯೆತ್ತಿ ಮೇಲಿನ ಇಳಿಜಾರು ನೋಡುವವರು ಕಡಿಮೆ. ತೋಟಕ್ಕೆ ಗೊಬ್ಬರ ಬರುವುದು ಆ ಇಳಿಜಾರಿನಿಂದ, ಕೊಟ್ಟಿಗೆಗೆ ಹಾಸು ಬರುವುದು ಅಲ್ಲಿಂದ, ಗುಡ್ಡದ ಒರತೆಯಾದ ಅಬ್ಬಿಯ ನೀರು ಹುಟ್ಟುವುದೂ ಅಲ್ಲೇ. ಮಣ್ಣು, ನೀರು, ಮೇವು ಮೂರನ್ನೂ ತೋಟದ ಒಡೆಯನ ಕೈಗೇ ಒಪ್ಪಿಸಿದ ವ್ಯವಸ್ಥೆಗಳು ನಮ್ಮಲ್ಲಿ ಹೆಚ್ಚಿಲ್ಲ. ಸೊಪ್ಪಿನಬೆಟ್ಟ ಅಂಥದ್ದೊಂದು. ನೂರು ವರ್ಷಕ್ಕೂ ಮೀರಿ ನಡೆದುಬಂದಿರುವುದರಿಂದ ಅದನ್ನು ಹೊಗಳುವವರಿಗೂ ತೆಗಳುವವರಿಗೂ ಬೇಕಾದಷ್ಟು ಸಾಕ್ಷಿ ಸಿಗುತ್ತದೆ.

ಹಿನ್ನೆಲೆ ದೊಡ್ಡದೇನಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಮುಂದೆ ಕಾಡಿಗೆಲ್ಲ ಸರ್ಕಾರ ಗಡಿ ಹಾಕುತ್ತ ಬಂದಾಗ ತೋಟಿಗರು ಸೊಪ್ಪಿಲ್ಲದೆ ತೋಟವಿಲ್ಲ ಎಂದು ಪಟ್ಟು ಹಿಡಿದರು. ಅದರ ಫಲವಾಗಿ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಕಾಡನ್ನು ಸೊಪ್ಪಿಗೆಂದು ಬಿಟ್ಟುಕೊಡುವ ಪದ್ಧತಿ ಬಂತು. ಕೆಲವು ಬೆಟ್ಟ ಒಬ್ಬೊಬ್ಬರ ಹೆಸರಿಗೆ, ಕೆಲವು ಕೇರಿಯವರ ಒಟ್ಟು ಹೆಸರಿಗೆ ದಾಖಲಾದವು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಇದನ್ನು ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆಗಳ ಸಾಲಿನಲ್ಲೇ ಇಟ್ಟು ಮುಂದುವರಿಸಿತು. ತೋಟಿಗನಿಗೆ ಸಿಕ್ಕಿದ್ದು ಸವಲತ್ತು ಮಾತ್ರ. ನೆಲ ಅವನದಲ್ಲ, ದಿಮ್ಮಿ ಅವನದಲ್ಲ, ಕಡಿದು ಮಾರುವ ಹಾಗಿಲ್ಲ.

ಬೆಟ್ಟದ ಅರ್ಧ ರೋಗಕ್ಕೆ ಮೂಲ ಈ ಕೊನೆಯ ಷರತ್ತಿನಲ್ಲಿದೆ ಎಂದು ನನಗನ್ನಿಸುತ್ತದೆ. ಸೊಪ್ಪು ತನಗೆ, ಮರ ಸರ್ಕಾರಕ್ಕೆ ಎಂದಾದಾಗ ಮರ ದಪ್ಪವಾಗಿ ಬೆಳೆದರೆ ತೋಟಿಗನಿಗೆ ಬರುವ ಲಾಭವೇನು? ಬೆಟ್ಟದ ಮತ್ತಿ, ಹೊನಗಲು ಮರಗಳನ್ನು ನೋಡಿದರೆ ಉತ್ತರ ಗೊತ್ತಾಗುತ್ತದೆ. ಕೊಂಬೆಗಳನ್ನೆಲ್ಲ ಬುಡದಿಂದ ಸವರಿ ಸವರಿ ಕಾಂಡದ ಉದ್ದಕ್ಕೂ ಗಂಟುಗಳೆದ್ದಿರುತ್ತವೆ. ತುದಿಯಲ್ಲಿ ಒಂದು ಹಿಡಿ ಎಲೆ. ಅರಣ್ಯಶಾಸ್ತ್ರ ಓದಿದವರು ಇದನ್ನು ಹಾಳಾದ ಕಾಡು ಎಂದೇ ಬರೆದುಕೊಂಡು ಹೋಗುತ್ತಾರೆ.

ಆ ತೀರ್ಪು ಪೂರ್ತಿ ನ್ಯಾಯವಲ್ಲ. 1990ರ ದಶಕದ ಆರಂಭದಲ್ಲಿ ಶರಚ್ಚಂದ್ರ ಲೇಲೆ ಈ ಸೀಮೆಯ ಕಾಡು ಬಳಕೆಯ ಮೇಲೆಯೇ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಬರೆದರು. ನಡೆಯುತ್ತಿರುವುದು ಅವನತಿಯೋ, ಸುಸ್ಥಿರ ಬಳಕೆಯೋ, ಇಲ್ಲ ಒಂದು ಬಗೆಯ ಕಾಡು ಇನ್ನೊಂದು ಬಗೆಯದಾಗಿ ಮಾರ್ಪಟ್ಟದ್ದೋ ಎಂಬ ಪ್ರಶ್ನೆಯನ್ನು ಅವರು ಶೀರ್ಷಿಕೆಯಲ್ಲೇ ಇಟ್ಟಿದ್ದರು. ಪ್ರಶ್ನೆ ಸರಿಯಾದದ್ದು. ದಿಮ್ಮಿಯ ಲೆಕ್ಕದಲ್ಲಿ ಸೋತ ಬೆಟ್ಟ ಸೊಪ್ಪಿನ ಲೆಕ್ಕದಲ್ಲಿ ಗೆದ್ದಿರಬಹುದು. ಸವರಿದ ಮತ್ತಿ ಮತ್ತೆ ಚಿಗುರುತ್ತದೆ. ತುದಿ ಉಳಿಸಿ, ಬೆಟ್ಟವನ್ನು ಪಾಲು ಮಾಡಿಕೊಂಡು ಈ ವರ್ಷ ಇಲ್ಲಿ, ಬರುವ ವರ್ಷ ಅಲ್ಲಿ ಎಂದು ಸರದಿಯ ಮೇಲೆ ಕಡಿದವರ ಮರಗಳು ತಲೆಮಾರು ದಾಟಿ ನಿಂತಿವೆ.

ನನ್ನ ತಕರಾರು ಬೇರೆ. ಸೊಪ್ಪು ಕಡಿಯುವುದು ಕಣ್ಣಿಗೆ ಹೊಡೆಯುವುದರಿಂದ ಎಲ್ಲರೂ ಅದನ್ನೇ ಹಿಡಿದುಕೊಂಡರು. ಬೆಟ್ಟಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ದರಕು ಗುಡಿಸುವ ಕೆಲಸ. ಚಳಿ ಕಳೆದು ಎಲೆ ಉದುರಿದ ಮೇಲೆ ಒಣಗಿದ ದರಕನ್ನು ಗೋರಿ ಗುಡ್ಡೆ ಹಾಕಿ, ಕಲ್ಲಿಯಲ್ಲಿ ತುಂಬಿ ಕೊಟ್ಟಿಗೆಯ ಪಕ್ಕಕ್ಕೆ ಸಾಗಿಸುತ್ತಾರೆ. ಕೊಟ್ಟಿಗೆಗೆ ಹಾಸಲು ಬೇಕು, ಗೊಬ್ಬರಕ್ಕೆ ಬೇಕು, ಕೆಲಸ ಅಗತ್ಯದ್ದೇ. ಆದರೆ ಚೊಕ್ಕ ಗುಡಿಸಿದ ಬೆಟ್ಟವನ್ನು ಮೇ ತಿಂಗಳಲ್ಲಿ ಒಮ್ಮೆ ಹೋಗಿ ನೋಡಬೇಕು. ಅಂಗಳದಷ್ಟು ಬೋಳಾದ ಕೆಂಪು ನೆಲ, ಮೇಲೆದ್ದ ಬೇರು, ಅಲ್ಲಲ್ಲಿ ಜಂಬಿಟ್ಟಿಗೆಯ ಹರಳು. ಚಪ್ಪಲಿಯ ಹಿಮ್ಮಡಿಯಿಂದ ಒತ್ತಿದರೂ ಗುರುತು ಮೂಡುವುದಿಲ್ಲ. ಪಕ್ಕದ, ಗುಡಿಸದೆ ಬಿಟ್ಟ ಜಾಗದಲ್ಲಿ ಮೇಲಿನ ಗರಿಗರಿ ಎಲೆ ಸರಿಸಿ ಕೈ ಹಾಕಿದರೆ ಕೆಳಗೆ ಕಪ್ಪಗೆ ಕೊಳೆತ ಪದರ. ಅದರ ತುಂಬ ಶಿಲೀಂಧ್ರದ ಬಿಳಿ ಎಳೆ. ಅದಕ್ಕೂ ಕೆಳಗೆ, ಆ ಬಿಸಿಲಿನಲ್ಲೂ, ಬೆರಳಿಗೆ ತಣ್ಣಗೆ ತಗಲುವ ಮಣ್ಣು.

ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳ ನೀರು ಬೋಳು ನೆಲದ ಮೇಲೆ ಬಿದ್ದರೆ ಕೆಂಪಾಗಿ ಹಳ್ಳಕ್ಕೆ ಓಡುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್, ಬಿ. ವೆಂಕಟೇಶ್ ಮತ್ತು ಸಂಗಡಿಗರು ಉತ್ತರ ಕನ್ನಡದ ಸಣ್ಣ ಸಣ್ಣ ಜಲಾನಯನಗಳಲ್ಲಿ ಉಪಕರಣ ಹೂಡಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ಸಹಜ ಕಾಡು, ಅಕೇಶಿಯಾ ನೆಡುತೋಪು, ಬಳಲಿದ ನೆಲ ಈ ಮೂರನ್ನೂ ಹೋಲಿಸಿದಾಗ ಮಳೆಯೊಂದಿಗೇ ಓಡಿಹೋಗುವ ನೀರು ಕಡಿಮೆ, ನೆಲಕ್ಕೆ ಇಂಗುವುದು ಹೆಚ್ಚು ಎಂದು ಕಂಡದ್ದು ಸಹಜ ಕಾಡಿನಲ್ಲಿ. ಮಳೆ ನಿಂತ ಮೇಲೆ ಹಳ್ಳ ಹೆಚ್ಚು ದಿನ ಹರಿದದ್ದೂ ಅಲ್ಲೇ. ಅಬ್ಬಿಯಿಂದ ಅಡಿಕೆ ಮರದ ದಬ್ಬೆ ಕಟ್ಟಿ ಮನೆ ಬಾಗಿಲಿಗೆ ನೀರು ತಂದುಕೊಂಡ ಹಳಬರಿಗೆ ಇದು ಹೊಸ ಸುದ್ದಿಯಲ್ಲ.

ಹಾಗಿದ್ದೂ ತೋಟಿಗರ ಲೆಕ್ಕದಲ್ಲಿ ಬೆಟ್ಟವೆಂದರೆ ಇಂದಿಗೂ ಸೊಪ್ಪಿನ ಕಣಜವೇ. ಎಷ್ಟು ಹೊರೆ ಸಿಕ್ಕಿತು ಎನ್ನುವುದಷ್ಟೇ ಅಳತೆ. ಏಪ್ರಿಲ್ ಕೊನೆಯ ವಾರ ಅಬ್ಬಿಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಗೋಡೆಯ ಮೇಲೆ ಬರೆದಿಡುವವರು ಎಷ್ಟು ಮನೆಯಲ್ಲಿದ್ದಾರೆ? ಬೆಟ್ಟದ ಯೋಗ್ಯತೆ ಹೇಳುವ ಅಂಕಿ ಅದು. ಕೊಟ್ಟಿಗೆ ಪಕ್ಕದ ದರಕಿನ ಗುಡ್ಡೆ ದೊಡ್ಡದಾದ ವರ್ಷವೇ ಆ ಅಂಕಿ ಕೆಟ್ಟಿರುವುದು ಸಾಧ್ಯ.

ಇನ್ನೊಂದು ಸಂಗತಿ. ಬೆಟ್ಟದಿಂದ ತೋಟಕ್ಕೆ ಸತ್ವ ಇಳಿಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಕೆಲವು ವರ್ಷಕ್ಕೊಮ್ಮೆ ದರೆ ಕಡಿದು ತೋಟಕ್ಕೆ ಹೊರುವ ಕೆಮ್ಮಣ್ಣು. ಮೇಲಕ್ಕೆ ವಾಪಸು ಹೋಗುವುದು ಮೇಯಲು ಹೋದ ದನ ಹಾಕಿದ ಸಗಣಿಯೊಂದೇ. ಈಗ ಮೇಯಲು ಹೋಗುವ ದನವೂ ಕಡಿಮೆ. ಒಂಬತ್ತಕ್ಕೆ ಒಂದು ಎಂಬ ಹಳೆಯ ಪ್ರಮಾಣದಲ್ಲಿ ಒಂದು ಜಾಣತನವಿತ್ತು: ಹಲವು ಎಕರೆ ಮೇಲೆ ಹಂಚಿಹೋದ ಹೊರೆಯನ್ನು ಬೆಟ್ಟ ತಡೆದುಕೊಳ್ಳುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಗದ್ದೆಗಳೆಲ್ಲ ತೋಟವಾದವು. ತೋಟ ಬೆಳೆಯಿತು, ಬೆಟ್ಟ ಬೆಳೆಯಲಿಲ್ಲ. ಹೊಸ ತೋಟಕ್ಕೂ ಸೊಪ್ಪು ಹಳೆಯ ಬೆಟ್ಟದಿಂದಲೇ ಬರಬೇಕು. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಬೆಟ್ಟವನ್ನೂ ನಾಲ್ಕು ಚೂರು ಮಾಡಿಕೊಂಡರೆ ಸರದಿ ಬಿಡಲು ಜಾಗವೇ ಉಳಿಯುವುದಿಲ್ಲ. ಬೆಟ್ಟದೊಳಕ್ಕೇ ಜೆಸಿಬಿ ಹತ್ತಿಸಿ, ಮೆಟ್ಟಿಲು ಕಡಿದು ಅಡಿಕೆ ಸಸಿ ನೆಟ್ಟವರ ವಿಷಯ ಇಲ್ಲಿ ಬೇಡ. ಅದು ಬೆಟ್ಟದ ಬಳಕೆಯಲ್ಲ, ಒತ್ತುವರಿ.

ಬೇಣದ ಕಥೆ ಇದಕ್ಕಿಂತ ಬೇಸರದ್ದು. ಬೇಣವೆಂದರೆ ಹುಲ್ಲಿನ ನೆಲ. ಮಳೆ ಮುಗಿದ ಮೇಲೆ ಕರಡ ಕೊಯ್ದು ಬಣವೆ ಹಾಕಿದರೆ ಬೇಸಿಗೆಗೆ ಮೇವಾಯಿತು. ಹುಲ್ಲಿನ ದಟ್ಟ ಬೇರು ಇಳಿಜಾರಿನ ಮಣ್ಣನ್ನೂ ಹಿಡಿದಿಡುತ್ತದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದವರ ಕಣ್ಣಿಗೆ ಬೇಣ ಬಂಜರಾಗಿ ಕಂಡಿತು, ಅಲ್ಲೆಲ್ಲ ಅಕೇಶಿಯಾ ಎದ್ದಿತು. ಬೆಂಕಿಗೆ ಕಟ್ಟಿಗೆ ಸಿಕ್ಕಿದ್ದು ನಿಜ, ಅದರಿಂದ ಒಳಕಾಡಿನ ಮೇಲಿನ ಒತ್ತಡ ತುಸು ಕಡಿಮೆಯಾದದ್ದೂ ನಿಜ. ಆದರೆ ಅದರ ಎಲೆಯನ್ನು ದನ ಮೂಸುವುದಿಲ್ಲ, ಕೆಳಗೆ ಹುಲ್ಲು ಏಳುವುದು ಅಪರೂಪ. ಇದರಲ್ಲಿ ತೋಟಿಗರೇನೂ ಬರೀ ನೊಂದವರಲ್ಲ. ಹೈನಿಗೆ ಎಚ್‌ಎಫ್ ಆಕಳು ತಂದು ಕಟ್ಟಿ ಚೀಲದ ಹಿಂಡಿ ಹಾಕಲು ಶುರುಮಾಡಿದ ದಿನವೇ ಗುಡ್ಡ ಹತ್ತಿ ಮೇಯುವ ಮಲೆನಾಡು ಗಿಡ್ಡವೂ ಅದರ ಬೇಣವೂ ಮನೆಯ ಲೆಕ್ಕದಿಂದ ಹೊರಬಿದ್ದವು. ಬೇಡವಾದ ಬೇಣಕ್ಕೆ ಬೆಂಕಿ ಬಿದ್ದರೆ ಆರಿಸಲು ಯಾರೂ ಓಡುವುದಿಲ್ಲ. ಎರಡು ಸಲ ಬೆಂಕಿ ಬಿದ್ದ ಜಾಗಕ್ಕೆ ಯುಪಟೋರಿಯಂ ಕಳೆ ತಾನಾಗಿ ಬರುತ್ತದೆ.

ಇಷ್ಟೆಲ್ಲ ಹೇಳಿಯೂ ನಾನು ಬೆಟ್ಟದ ಪರವೇ. ಕಾರಣ ಸರಳ. ಮೇಲೆ ಮಾಡಿದ ತಪ್ಪು ಕೆಳಗೆ ಅದೇ ಮನುಷ್ಯನ ತೋಟದಲ್ಲಿ, ಅವನ ಬಾವಿಯಲ್ಲಿ, ಅವನ ಕಾಲದಲ್ಲೇ ಕಾಣಿಸಿಕೊಳ್ಳುವ ಏರ್ಪಾಡು ಇದು. ಯಾವ ಇಲಾಖೆಯ ಯೋಜನೆಗೂ ಈ ಗುಣವಿಲ್ಲ. ಬೆಟ್ಟ ಚೆನ್ನಾಗಿಟ್ಟವರು ಮಾಡಿದ್ದೂ ದೊಡ್ಡ ಖರ್ಚಿನ ಕೆಲಸವಲ್ಲ. ಸುತ್ತ ಅಗಳ ಹೊಡೆಸಿ ಬೆಂಕಿ, ಬೀಡಾಡಿ ದನ ಎರಡನ್ನೂ ತಡೆದರು. ಮೂರರಲ್ಲಿ ಒಂದು ಪಾಲಿನ ದರಕು ಮುಟ್ಟದೆ ಬಿಟ್ಟರು, ಅದರಲ್ಲೂ ಅಬ್ಬಿಯ ನೆತ್ತಿಯ ಮೇಲಿನ ಪಾಲನ್ನು ಕಾಯಂ ಬಿಟ್ಟರು. ಕೆಮ್ಮಣ್ಣಿಗಾಗಿ ದರೆ ಕಡಿಯುವುದನ್ನು ನಿಲ್ಲಿಸಿ ಕಾದಿಗೆಯ ಹೂಳನ್ನೇ ಎತ್ತಿ ಮರದ ಬುಡಕ್ಕೆ ಹಾಕಿದರು. ಅಡಿಕೆಯ ಸೋಗೆ, ಹಾಳೆ, ಸಿಪ್ಪೆಯನ್ನು ತೋಟದಲ್ಲೇ ಕೊಳೆಸಿದರು. ಅಷ್ಟರಮಟ್ಟಿಗೆ ಬೆಟ್ಟದ ಹೊರೆ ತಗ್ಗಿತು. ಕೆಲವರು ಉಪ್ಪಾಗೆ, ಮುರುಗಲು, ಹಲಸು, ದಾಲ್ಚಿನ್ನಿ ಎಬ್ಬಿಸಿದರು. ಹಣ್ಣು, ತೊಗಟೆಯಿಂದ ನಾಲ್ಕು ಕಾಸು ಬರುವಾಗ ಮರದ ತುದಿ ಸವರಲು ಕೈ ಬರುವುದಿಲ್ಲ. ಕಾಯ್ದೆ ತಪ್ಪಿಸಿದ ಲಾಭವನ್ನು ಅವರು ಹೀಗೆ ಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ.

ಬೆಟ್ಟದಲ್ಲಿ ನೀರು ಉಳಿಸಲು ತೋಡುವ ಇಂಗುಗುಂಡಿಯ ಬಗ್ಗೆ ಮಾತ್ರ ಎಚ್ಚರ ಬೇಕು. ನೀರಿಂಗಿಸುವ ವಿದ್ಯೆಯನ್ನು ಶ್ರೀ ಪಡ್ರೆಯವರಂಥವರು ಮನೆಮನೆಗೆ ಮುಟ್ಟಿಸಿದ್ದು ಕರಾವಳಿ–ಮಲೆನಾಡಿಗೆ ಆದ ದೊಡ್ಡ ಉಪಕಾರ. ಅದನ್ನು ಅರ್ಧ ಕೇಳಿಸಿಕೊಂಡವರು ಕಡಿದಾದ ಇಳಿಜಾರಿನಲ್ಲೂ ಆಳದ ಗುಂಡಿ ತೋಡಿ ನೀರು ನಿಲ್ಲಿಸುತ್ತಾರೆ. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ 2021ರ ಜುಲೈನಲ್ಲಿ ಗುಡ್ಡ ಜಾರಿ ತೋಟಗಳೇ ಕೊಚ್ಚಿಹೋದವು. ಅದು ಗುಂಡಿಯಿಂದಲೇ ಆಯಿತು ಎಂದು ನಾನು ಹೇಳುತ್ತಿಲ್ಲ, ಆ ಮಳೆಯೇ ಅಸಾಮಾನ್ಯವಾಗಿತ್ತು. ಆದರೂ ಮಣ್ಣು ದಪ್ಪಗಿದ್ದು ಇಳಿಜಾರು ಚೂಪಾಗಿರುವಲ್ಲಿ ಗುಡ್ಡದ ಹೊಟ್ಟೆಗೆ ನೀರು ತುರುಕುವ ಕೆಲಸ ಬೇಡ. ಅಂಥ ಕಡೆ ಗಿಡ, ಹುಲ್ಲು, ದರಕಿನ ಹೊದಿಕೆ ಸಾಕು. ಗುಂಡಿಗೆ ತಕ್ಕ ಜಾಗ ಮೇಲಿನ ಮಟ್ಟಸ ನೆಲ.

ಬೆಟ್ಟದ ಪರ ಮಾತಾಡುವಾಗ ನಮ್ಮವರು ನುಂಗಿಕೊಳ್ಳುವ ಸಂಗತಿಯೊಂದಿದೆ. ಬೆಟ್ಟ ಸಿಕ್ಕಿದ್ದು ತೋಟವಿದ್ದವರಿಗೆ. ತೋಟವಿಲ್ಲದವರ ಪಾಲಿಗೆ ಉಳಿದದ್ದು ಮೈನರ್ ಫಾರೆಸ್ಟ್ ಎಂಬ ಊರ ಕಾಡು. ಸೌದೆ, ಮೇವು, ಬೇಲಿಗೂಟ ಎಲ್ಲಕ್ಕೂ ಅದೊಂದೇ. ನಾವು ಅಗಳ ಹೊಡೆದು ಚೆನ್ನಾಗಿಟ್ಟ ಬೆಟ್ಟದ ಹೊರೆಯ ಒಂದಂಶ ಅಲ್ಲಿಗೆ ಹೋಗಿ ಬಿದ್ದಿದೆ. ಒಬ್ಬರ ಬೆಟ್ಟ ಹಸಿರು, ಊರ ಕಾಡು ಬೋಳು ಎಂಬ ನೋಟ ಈ ಸೀಮೆಯಲ್ಲಿ ಹುಡುಕಿಕೊಂಡು ಹೋಗಬೇಕಾದದ್ದಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಹತ್ತಿರ ಮರ ಅಪ್ಪಿ ನಿಂತದ್ದು ಈ ಸೀಮೆಯದೇ ಜನ. ಅಂದು ಎದುರಿಗಿದ್ದದ್ದು ಅರಣ್ಯ ಇಲಾಖೆಯ ಕೊಡಲಿ. ಊರೊಳಗಿನ ಈ ಹಂಚಿಕೆಯ ವಿಷಯ ಬಂದಾಗ ಅಷ್ಟು ಗಟ್ಟಿ ದನಿ ಏಳಲಿಲ್ಲ.

ಒಟ್ಟು ಹೆಸರಿನ ಬೆಟ್ಟ–ಬೇಣಗಳಲ್ಲಿ ಇದಕ್ಕೊಂದು ಸಣ್ಣ ದಾರಿಯಿದೆ. ಕರಡ ಕೊಯ್ದಾದ ಮೇಲೆ ಬೇಲಿಯ ದಣಪೆ ತೆಗೆದಿಟ್ಟು, ಮಳೆ ಹಿಡಿಯುವ ತನಕ ಊರ ಎಲ್ಲರ ದನವನ್ನೂ ಬೇಣಕ್ಕೆ ಬಿಡುವುದು; ಜೂನ್‌ನಲ್ಲಿ ಹುಲ್ಲು ಚಿಗುರುವ ಹೊತ್ತಿಗೆ ಮತ್ತೆ ಮುಚ್ಚುವುದು. ಕೂಳೆ ಗದ್ದೆಗೆ ಊರ ದನ ಬಿಡುತ್ತಿದ್ದ ರೂಢಿ ಗೊತ್ತಿದ್ದವರಿಗೆ ಇದು ಅಪರಿಚಿತವಲ್ಲ. ಮೇಯ್ದ ದನ ಅಲ್ಲೇ ಸಗಣಿ ಹಾಕುತ್ತದೆ. ದನ ಬಿಟ್ಟವರು ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಆರಿಸಲು ಬರುತ್ತಾರೆ, ಬೇಣ ಉಳಿದರೆ ಅವರಿಗೂ ಲಾಭವಿದೆಯಲ್ಲ. ಒಂದು ಬೇಣಕ್ಕೆ ಎಷ್ಟು ದನ, ಯಾವ ತಿಂಗಳವರೆಗೆ ಎಂಬ ಜಗಳ ಬಂದೇ ಬರುತ್ತದೆ. ಅದನ್ನು ತೀರ್ಮಾನಿಸುವ ಸಭೆಯಲ್ಲಿ ಬೆಟ್ಟವಿಲ್ಲದವರಿಗೂ ಕೂರಲು ಜಾಗ ಕೊಡಬೇಕಾಗುತ್ತದೆ. ನಮ್ಮ ತೋಟಿಗರಿಗೆ ಅಗಳ ಹೊಡೆಸುವುದಕ್ಕಿಂತ ಕಷ್ಟದ ಕೆಲಸ ಅದು.