ಬುಲೆಟ್‌ಗೆ ಬೆನ್ನು ಕೊಡಿ

ಮಳೆ ಹಿಡಿದಿದೆ, ವರದಾ-ತುಂಗಭದ್ರೆಯರ ಸಂಗಮ ನೋಡಲು ಗಳಗನಾಥಕ್ಕೆ ಹೊರಟವರು ಗಾಡಿ ನಿಲ್ಲಿಸುವುದು ಎರೆಮಣ್ಣಿನಲ್ಲಿ. ನೆನೆದ ಎರೆ ಸೈಡ್ ಸ್ಟ್ಯಾಂಡನ್ನು ಸದ್ದಿಲ್ಲದೆ ನುಂಗುತ್ತದೆ. 195 ಕೆಜಿಯ ಕ್ಲಾಸಿಕ್ ಬುಲೆಟ್ ವಾಲಿ ಮಲಗುತ್ತದೆ.

ಆಗ ಶುರು ಗರಡಿ ಪಂಥದವರ ಆಟ. ಗಾಡಿಗೆ ಎದುರಾಗಿ ನಿಂತು, ಸೊಂಟ ಬಗ್ಗಿಸಿ, ಹ್ಯಾಂಡಲ್ ಹಿಡಿದು ಜಗ್ಗುವುದು. ತೋಳಿನಲ್ಲಿ ಕಸುವಿಲ್ಲದವನಿಗೆ ಬುಲೆಟ್ ಯಾಕೆ ಎಂಬುದು ಅವರ ಹಳೇ ರಾಗ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲರನ್ನು ನೋಡಿ ಬನ್ನಿ ಎಂಬುದು ನನ್ನ ಹಳೇ ಉತ್ತರ. ಅಲ್ಲಿ ಚೀಲ ಹೊರುವುದು ಬೆನ್ನು, ಎತ್ತುವುದು ಕಾಲು. ಕೈಗೆ ಹಿಡಿದುಕೊಳ್ಳುವಷ್ಟೇ ಕೆಲಸ.

ಬಿದ್ದ ಗಾಡಿಯನ್ನೂ ಹಾಗೇ ಎತ್ತಬೇಕು. ಮೊದಲು ಎಂಜಿನ್ ಆರಿಸಿ. ಹಳೇ ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ. ಗೇರ್ ಒಂದರಲ್ಲಿರಲಿ, ಇಲ್ಲದಿದ್ದರೆ ಎತ್ತುವಾಗ ಚಕ್ರ ಉರುಳುತ್ತದೆ. ಹ್ಯಾಂಡಲ್ಲನ್ನು ಬಿದ್ದ ಬದಿಗೇ ಪೂರ್ತಿ ಹೊರಳಿಸಿ. ಈಗ ಗಾಡಿಗೆ ಬೆನ್ನು ಮಾಡಿ ಕುಕ್ಕರಿಸಿ, ಸೀಟಿನ ಅಂಚಿಗೆ ಕುಂಡೆ ಒತ್ತಿ. ಒಂದು ಕೈಯಲ್ಲಿ ಕೆಳಗಿನ ಹಿಡಿ, ಇನ್ನೊಂದರಲ್ಲಿ ಹಿಂದಿನ ಗಟ್ಟಿ ಕಂಬಿ. ಇಂಡಿಕೇಟರ್ ಹಿಡಿದವರು ಅದನ್ನು ಕೈಯಲ್ಲೇ ಮನೆಗೆ ಒಯ್ದಾರು. ಬೆನ್ನು ನೆಟ್ಟಗಿಟ್ಟು, ಕಾಲಿನಿಂದ ನೆಲ ಒತ್ತುತ್ತ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯಿರಿ. ಲೆಗ್ ಗಾರ್ಡ್ ಇದ್ದ ಗಾಡಿ ಪೂರ್ತಿ ಮಲಗಿರುವುದಿಲ್ಲ, ಅಷ್ಟು ಕೆಲಸ ಉಳಿಯಿತು.

ಅತಿ ಭಾರ ಮೊದಲ ಗೇಣಿನಲ್ಲೇ. ಏರಿದಷ್ಟೂ ಹಗುರ, ಆ ಹಗುರವೇ ಮೋಸ: ಎತ್ತಿದ ಭರಕ್ಕೆ ಗಾಡಿ ಆಚೆ ಬೀಳುತ್ತದೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸ್ಟ್ಯಾಂಡ್ ಬಿಚ್ಚಿಡಿ. ಎಡಕ್ಕಾದರೆ ಆಚೆ ಬದಿಯಲ್ಲಿ ಒಬ್ಬರನ್ನು ನಿಲ್ಲಿಸಿ, ವಿಡಿಯೊ ಹಿಡಿಯುತ್ತಿರುವ ಗೆಳೆಯನಾದರೂ ಸರಿ.

ಇದೆಲ್ಲಕ್ಕಿಂತ ಚಂದದ ಪಾಠ ಗಳಗನಾಥದ ಹೊಳೆದಂಡೆಯಲ್ಲೇ ಇದೆ. ಕಲ್ಯಾಣ ಚಾಲುಕ್ಯರ ಕಾಲದ, 11ನೇ ಶತಮಾನದ ಗಳಗೇಶ್ವರ ಗುಡಿಯ ಬುಡ ನೋಡಿ. ಪಿರಮಿಡ್ಡಿನ ಹಾಗೆ ಕೆಳಕೆಳಗೆ ಅಗಲವಾಗುತ್ತ ನೆಲ ಸೇರುತ್ತದೆ. ಭಾರದ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಬುಡದೊಳಗೆ ಬೀಳುವ ತನಕ ಯಾವುದೂ ಉರುಳದು. ಗುಡಿಗೆ ಆ ಬುಡ ಗಜಗಟ್ಟಲೆ ಇದೆ. ಬುಲೆಟ್‌ಗೆ ಇರುವುದು ಎರಡು ಟಯರು ಮತ್ತು ಒಂದು ಸ್ಟ್ಯಾಂಡು ಊರಿದಷ್ಟು ಜಾಗ. ಹಾಗಾಗಿ ಸ್ಟ್ಯಾಂಡಿನಡಿ ಚಪ್ಪಟೆ ಕಲ್ಲೊಂದನ್ನು ಇಡಿ. ಆ ಕಲ್ಲನ್ನು ಮನೆಯಿಂದಲೇ ತನ್ನಿ. ಗುಡಿಯ ಅಂಗಳದ ಕಲ್ಲಿಗೆ ಕೈ ಹಾಕಿದವರ ಗಾಡಿ ಬಿದ್ದರೆ ನಾನಂತೂ ಎತ್ತಲು ಬರುವುದಿಲ್ಲ.